ಮಗ್ಗ ನಿಂತ ಊರಿನ ಹಾಡುಗಳು

ಮ್ಯಾಂಚೆಸ್ಟರ್ ಎಂದರೆ ನಮ್ಮ ಅಜ್ಜಂದಿರಿಗೆ ಬಟ್ಟೆ; ಮೊಮ್ಮಕ್ಕಳಿಗೆ ಕಾಲ್ಚೆಂಡು. ಈ ಎರಡರ ನಡುವೆ, 1980ರ ದಶಕದಲ್ಲಿ, ಆ ಊರು ಪ್ರಪಂಚಕ್ಕೆ ಮತ್ತೊಂದು ಸರಕನ್ನು ಕಳುಹಿಸಿತು. ಅದು ಹಾಡು. ಯಂತ್ರಗಳು ನುಡಿಸುವ, ಕುಣಿಯುವುದಕ್ಕೆಂದೇ ಮಾಡಿದ, ಆದರೆ ಕಿವಿಗೊಟ್ಟು ಕೇಳಿದರೆ ಒಳಗೆಲ್ಲೋ ವಿಷಾದ ಮಡುಗಟ್ಟಿರುವ ಹಾಡು. ಅದನ್ನು ಮಾಡಿದ ತಂಡದ ಹೆಸರು ನ್ಯೂ ಆರ್ಡರ್. ಓದುಗರಲ್ಲಿ ಹಲವರಿಗೆ ಈ ಹೆಸರು ಹೊಸದಿರಬಹುದು. ಆದರೆ ಕಪ್ಪು ಟೀ-ಶರ್ಟಿನ ಎದೆಯ ಮೇಲೆ ಬೆಟ್ಟದ ಸಾಲಿನಂತೆ ಬಿಳಿಯ ಗೆರೆಗಳನ್ನು ಅಚ್ಚೊತ್ತಿರುವ ಚಿತ್ರವನ್ನು ಮನೆಯ ಹುಡುಗರ ಮೈಮೇಲಾದರೂ ಬೀದಿಬದಿಯ ಅಂಗಡಿಯಲ್ಲಾದರೂ ನೋಡಿರುವವರು ಅನೇಕರಿದ್ದಾರು. ತೊಟ್ಟವರಿಗೇ ಅದು ಏನೆಂದು ಗೊತ್ತಿರದಿರುವುದೂ ಉಂಟು. ಆ ಗೆರೆಗಳ ಮೂಲ ಇದೇ ತಂಡದ ಹಿಂದಿನ ಜನ್ಮದಲ್ಲಿದೆ.

ಆ ಊರಿಗೂ ನಮ್ಮ ನಾಡಿಗೂ ಇರುವ ಹಳೆಯ ನಂಟನ್ನು ಮೊದಲೇ ಹೇಳಿಬಿಡುವುದು ಮೇಲು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಅಲ್ಲಿಂದ ಹತ್ತಿ ಬರುವುದು ನಿಂತುಹೋಯಿತು. ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಷೈರಿನಲ್ಲಿ ಗಿರಣಿಗಳು ಮುಚ್ಚಿ ಲಕ್ಷಾಂತರ ಜನ ಹಸಿವೆಗೆ ಬಿದ್ದರು. ಆಗ ಆ ಊರಿನ ವರ್ತಕರ ಕಣ್ಣು ಧಾರವಾಡದ ಕಪ್ಪು ಭೂಮಿಯ ಮೇಲೆ ಬಿತ್ತು. ಅಮೆರಿಕದ ಬೀಜದಿಂದ ಬೆಳೆದ ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಇಂಗ್ಲೆಂಡು ಸೇರುತ್ತಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಕಾರವಾರದ ಸದಾಶಿವಗಡದಲ್ಲೇ ನೆಲೆಯೂರುವ ಹವಣಿಕೆ ನಡೆಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿ ವರ್ತಕರ ಒತ್ತಾಯವೂ ಇತ್ತು. 1956ರವರೆಗೂ ಆ ಜಿಲ್ಲೆ ಮುಂಬಯಿಯ ಆಡಳಿತದಲ್ಲೇ ಉಳಿಯಿತು. ಅಂದಮೇಲೆ, ನಮ್ಮಲ್ಲಿ ಕೆಲವರ ಮನೆತನಗಳು ಈ ನಗರದ ದಾರಿ ಹಿಡಿದುದರಲ್ಲಿ ಮ್ಯಾಂಚೆಸ್ಟರಿನ ಮಗ್ಗಗಳ ಪಾಲೂ ಅಷ್ಟಿಷ್ಟು ಇದೆ ಎಂದರೆ ತಪ್ಪಾಗಲಾರದು.

ಮುಂದಿನ ನೂರು ವರ್ಷಗಳಲ್ಲಿ ಕಾಲಚಕ್ರ ತಿರುಗಿತು. ಹತ್ತಿಯ ವ್ಯಾಪಾರಕ್ಕೆ ಜಗತ್ತಿನ ಕೇಂದ್ರವೆನಿಸಿದ್ದ ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜಿನಲ್ಲಿ 1968ರ ಕೊನೆಗೆ ವಹಿವಾಟು ನಿಂತೇಹೋಯಿತು. ಗೋದಾಮುಗಳಿಗೆ ಬೀಗ ಬಿತ್ತು. ಪಕ್ಕದ ಸಾಲ್ಫರ್ಡಿನಲ್ಲಿ ಕಾರ್ಮಿಕರ ಹಳೆಯ ಸಾಲುಮನೆಗಳನ್ನು ಕೆಡವಿ, ಅಲ್ಲಿದ್ದವರನ್ನು ಬಹು ಅಂತಸ್ತಿನ ಕಾಂಕ್ರೀಟು ಕಟ್ಟಡಗಳಿಗೆ ಸಾಗಿಸಿದರು. ಸಾಲ್ಫರ್ಡಿನ ಶಾಲೆಯೊಂದರಲ್ಲಿ ಸಹಪಾಠಿಗಳಾಗಿದ್ದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಬೆಳೆದದ್ದು ಈ ಕಾಲದಲ್ಲಿ. ತಾನು ಆಡಿದ ಬೀದಿ, ಅದರ ನೆರೆಹೊರೆ, ಅಲ್ಲಿನ ಜನ ಎಲ್ಲವೂ ಕಣ್ಣೆದುರಿಗೇ ಇಲ್ಲವಾದವು, ತಮ್ಮ ಮೊದಲ ಹಾಡುಗಳಲ್ಲಿದ್ದ ಕತ್ತಲೆ ಅಲ್ಲಿಂದ ಬಂದದ್ದು ಎಂದು ಸಮ್ನರ್ ಮುಂದೆ ಹೇಳಿಕೊಂಡಿದ್ದಾನೆ. ಊರು ಬಿಟ್ಟು ಬಂದವರಾದ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ನಾವು ಊರನ್ನು ಬಿಟ್ಟೆವು. ಅವರನ್ನು ಊರೇ ಬಿಟ್ಟುಹೋಯಿತು.

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನ ಮೇಲಂತಸ್ತಿನ ಚಿಕ್ಕ ಸಭಾಂಗಣದಲ್ಲಿ ಲಂಡನ್ನಿನಿಂದ ಬಂದ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಚೇರಿ ನಡೆಯಿತು. ಆ ಕಟ್ಟಡ ಹತ್ತಿಯ ವರ್ತಕರ ಮುಕ್ತ ವ್ಯಾಪಾರದ ಗೆಲುವಿಗೆಂದು ಕಟ್ಟಿದ ಸ್ಮಾರಕ. ನಿಂತಿರುವ ಜಾಗವಾದರೋ, 1819ರಲ್ಲಿ ಮತದಾನದ ಹಕ್ಕು ಕೇಳಲು ನೆರೆದಿದ್ದ ಜನರ ಮೇಲೆ ಕುದುರೆ ಸವಾರರನ್ನು ನುಗ್ಗಿಸಿದ ಪೀಟರ್‌ಲೂ ಮೈದಾನ. ಅಂದು ಕಚೇರಿಗೆ ಬಂದಿದ್ದವರು ನಲವತ್ತು ಚಿಲ್ಲರೆ ಜನ ಎನ್ನುತ್ತಾರೆ. ಬಂದಿದ್ದೆವೆಂದು ಆಮೇಲೆ ಹೇಳಿಕೊಂಡವರು ಸಾವಿರಾರು! ಸಮ್ನರ್ ಮತ್ತು ಹುಕ್ ನಿಜವಾಗಿಯೂ ಅಲ್ಲಿದ್ದರು. ನುಡಿಸಲು ಬಾರದವರೂ ವೇದಿಕೆ ಏರಬಹುದೆಂಬ ಧೈರ್ಯ ಅವರಿಗೆ ಅಲ್ಲಿ ಬಂತು. ಹುಕ್ ಮರುದಿನವೇ ಹೋಗಿ ಒಂದು ಬೇಸ್ ಗಿಟಾರ್ ಕೊಂಡುಕೊಂಡ.

ಇವರಿಬ್ಬರೊಡನೆ ಮ್ಯಾಕಲ್ಸ್‌ಫೀಲ್ಡ್ ಎಂಬ ಹತ್ತಿರದ ರೇಷ್ಮೆ ಗಿರಣಿಗಳ ಊರಿನಿಂದ ಡ್ರಮ್ ನುಡಿಸುವ ಸ್ಟೀಫನ್ ಮಾರಿಸ್ ಮತ್ತು ಗಾಯಕ ಇಯನ್ ಕರ್ಟಿಸ್ ಸೇರಿದರು. ಮೊದಲು ವಾರ್ಸಾ ಎಂದು ಕರೆದುಕೊಳ್ಳುತ್ತಿದ್ದ ತಂಡ 1978ರಲ್ಲಿ ಜಾಯ್ ಡಿವಿಜನ್ ಎಂದು ಹೆಸರು ಬದಲಿಸಿತು. ನಾತ್ಸಿ ಶಿಬಿರಗಳಲ್ಲಿ ಹೆಂಗಸರನ್ನು ಕೂಡಿಹಾಕಿದ್ದ ವೇಶ್ಯಾಗೃಹಗಳಿಗೆ ಒಂದು ಕಾದಂಬರಿಯಲ್ಲಿ ಬಳಸಿದ್ದ ಹೆಸರು ಅದು. ಮುಂದೆ ಇಟ್ಟುಕೊಂಡ ನ್ಯೂ ಆರ್ಡರ್ ಎಂಬ ಹೆಸರಿನಲ್ಲೂ ಹಿಟ್ಲರನ ಛಾಯೆಯನ್ನು ಕಂಡವರಿದ್ದರು. ತಮಗೂ ನಾತ್ಸಿ ವಿಚಾರಗಳಿಗೂ ಸಂಬಂಧವಿಲ್ಲ, ಎರಡನೆಯ ಹೆಸರು ಕಾಂಪುಚಿಯಾ ಕುರಿತ ಪತ್ರಿಕಾ ಲೇಖನದಲ್ಲಿ ಸಿಕ್ಕಿದ್ದು ಎಂದು ತಂಡದವರು ಹೇಳುತ್ತಲೇ ಬಂದಿದ್ದಾರೆ. ಅದನ್ನು ನಂಬಬಹುದು. ಆದರೂ ಮೊದಲನೆಯ ಹೆಸರು ಇಪ್ಪತ್ತರ ಹರೆಯದ ಹುಡುಗರ ಅವಿವೇಕವೇ ಸರಿ. ಆ ಹೆಂಗಸರ ನೋವನ್ನು ಹಾಗೆ ಹಣೆಪಟ್ಟಿ ಮಾಡಿಕೊಳ್ಳಬಾರದಿತ್ತು.

ಅವರ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' 1979ರ ಜೂನಿನಲ್ಲಿ ಹೊರಬಿತ್ತು. ಟೀ-ಶರ್ಟಿನ ಬಿಳಿ ಗೆರೆಗಳು ಅದರ ಹೊದಿಕೆಯ ಚಿತ್ರ. ಅವು ಬೆಟ್ಟಗಳಲ್ಲ, 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಕಂಡುಹಿಡಿದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೊ ತರಂಗಗಳು. ಸತ್ತ ನಕ್ಷತ್ರವೊಂದು ಕಳುಹಿಸುತ್ತಿರುವ ನಾಡಿಬಡಿತ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಆಲ್ಬಮನ್ನು ಹೊರತಂದದ್ದು ಫ್ಯಾಕ್ಟರಿ ರೆಕಾರ್ಡ್ಸ್. ಅದರ ಮುಂದಾಳು ಟೋನಿ ವಿಲ್ಸನ್ ಗ್ರಾನಡಾ ಟೆಲಿವಿಷನ್ನಿನಲ್ಲಿ ಸುದ್ದಿ ಓದುತ್ತಿದ್ದವನು. ಕಾರ್ಖಾನೆಗಳು ಮುಚ್ಚುತ್ತಿದ್ದ ಊರಿನಲ್ಲಿ ಒಂದು ಕಾರ್ಖಾನೆಯಾದರೂ ತೆರೆಯಲಿ ಎಂಬಂತಿತ್ತು ಆ ಹೆಸರು. ತಂಡದೊಡನೆ ಆತ ಮಾಡಿಕೊಂಡ ಒಪ್ಪಂದ ವಿಲಕ್ಷಣವಾದದ್ದು. ಹಾಡುಗಳೆಲ್ಲ ಹಾಡಿದವರ ಸೊತ್ತು, ಕಂಪನಿಯದು ಏನೂ ಅಲ್ಲ ಎಂಬ ಅರ್ಥದ ಒಂದು ಕಾಗದ. ಅದನ್ನು ತನ್ನ ರಕ್ತದಿಂದಲೇ ಬರೆದನೆಂದು ಪ್ರತೀತಿ. ಈ ಕಾಗದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕರ್ಟಿಸ್ ಹಗಲಿನಲ್ಲಿ ಸರ್ಕಾರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ನೌಕರ. 1979ರ ಆರಂಭದಲ್ಲಿ ಅವನಿಗೇ ಮೂರ್ಛೆರೋಗ ಇರುವುದು ತಿಳಿಯಿತು. ವೇದಿಕೆಯ ಮೇಲೂ ಸೆಳವು ಬರುತ್ತಿತ್ತು. ಕುಣಿತ ಯಾವುದು, ಕಾಯಿಲೆ ಯಾವುದು ಎಂದು ನೋಡುವವರಿಗೆ ತಿಳಿಯದಂತಾಯಿತು. ಮನೆಯಲ್ಲಿ ಪುಟ್ಟ ಮಗಳಿದ್ದಳು, ದಾಂಪತ್ಯ ಮುರಿಯುವುದರಲ್ಲಿತ್ತು. ತಂಡ ಮೊದಲ ಸಲ ಅಮೆರಿಕಕ್ಕೆ ಹೊರಡಲಿದ್ದ ಹಿಂದಿನ ದಿನ, 1980ರ ಮೇ 18ರ ಭಾನುವಾರ, ಆತ ತನ್ನ ಮನೆಯಲ್ಲೇ ಪ್ರಾಣ ಕಳೆದುಕೊಂಡ. ವಯಸ್ಸು ಇಪ್ಪತ್ತಮೂರು. ಅದಾದ ಮರುತಿಂಗಳು ಹೊರಬಂದ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಅವರ ಅತ್ಯಂತ ಜನಪ್ರಿಯ ಹಾಡಾಯಿತು. ಹಾಡಿದವನು ಕೇಳಲು ಇರಲಿಲ್ಲ.

ನ್ಯೂ ಆರ್ಡರಿನ ಚರಿತ್ರೆ ಇಲ್ಲಿಂದ ತೊಡಗುತ್ತದೆ. ನಮ್ಮ ಕಡೆಯ ನಾಟಕ ಕಂಪನಿಯಲ್ಲಿ ರಾಜಪಾರ್ಟಿನವನು ತೀರಿಕೊಂಡರೆ ಇನ್ನೊಬ್ಬನನ್ನು ಕರೆತಂದು ಅದೇ ನಾಟಕ ಆಡುತ್ತಾರೆ. ಹೊಟ್ಟೆಪಾಡಿನ ದೃಷ್ಟಿಯಿಂದ ಅದೇ ಸರಿ. ಈ ಮೂವರು ಹಾಗೆ ಮಾಡಲಿಲ್ಲ. ಯಾರೊಬ್ಬರು ತಂಡದಿಂದ ಹೋದರೂ ಆ ಹೆಸರನ್ನು ಮುಂದುವರಿಸಬಾರದೆಂದು ಅವರು ಮೊದಲೇ ಮಾತಾಡಿಕೊಂಡಿದ್ದರು, ಅದರಂತೆ ನಡೆದರು. ಜಾಯ್ ಡಿವಿಜನ್ ಹಾಡುಗಳಿಗೆ ಎಷ್ಟು ಬೇಡಿಕೆಯಿದ್ದರೂ ಹಲವು ವರ್ಷಗಳ ಕಾಲ ಅವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಹೊರಗಿನಿಂದ ಗಾಯಕನನ್ನೂ ತರಲಿಲ್ಲ. ಮೂವರೂ ಸರದಿಯಂತೆ ಹಾಡಿ ನೋಡಿದರು. ಕೊನೆಗೆ ಸಮ್ನರ್ ಹಾಡುವುದೆಂದಾಯಿತು. ಅವನದು ತೆಳುವಾದ, ಸಂಕೋಚದ ದನಿ. ಸಾಲದ್ದಕ್ಕೆ ಹಾಡುತ್ತ ಗಿಟಾರ್ ನುಡಿಸುವುದು ಅವನಿಗೆ ಕಷ್ಟವಾಗುತ್ತಿತ್ತು. ಆದುದರಿಂದ 1980ರ ಕೊನೆಯಲ್ಲಿ ಮಾರಿಸನ ಗೆಳತಿ, ಮುಂದೆ ಪತ್ನಿ, ಜಿಲಿಯನ್ ಗಿಲ್ಬರ್ಟಳನ್ನು ಗಿಟಾರಿಗೂ ಕೀಬೋರ್ಡಿಗೂ ಸೇರಿಸಿಕೊಂಡರು. ಅನುಭವಿಯೊಬ್ಬನನ್ನು ಬಿಟ್ಟು ಈಕೆಯನ್ನೇಕೆ ಕರೆದರೆಂದು ಆಗ ಕೆಲವರಿಗೆ ಅನಿಸಿರಬೇಕು. ತಂಡದ ದಿಕ್ಕು ಬದಲಾಗುವುದರಲ್ಲಿ ಆಕೆಯ ಪಾಲು ದೊಡ್ಡದು.

1981ರಲ್ಲಿ ಬಂದ ಮೊದಲ ಹಾಡು 'ಸೆರಮನಿ'. ಅದು ಕರ್ಟಿಸ್ ಬಿಟ್ಟುಹೋದ ಕೊನೆಯ ಹಾಡುಗಳಲ್ಲೊಂದು. ಸಾಹಿತ್ಯ ಯಾವ ಹಾಳೆಯಲ್ಲೂ ಇರಲಿಲ್ಲ. ಅಭ್ಯಾಸದ ವೇಳೆ ಮುದ್ರಿಸಿದ್ದ ಕಳಪೆ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿ, ಸದ್ದುಗದ್ದಲದ ನಡುವೆ ಸತ್ತ ಗೆಳೆಯನ ದನಿಯನ್ನು ಸೋಸಿ ಸೋಸಿ ಕೇಳಿ, ಶಬ್ದಗಳನ್ನು ಬರೆದುಕೊಳ್ಳಬೇಕಾಯಿತು. ಅದನ್ನು ಇನ್ನೊಬ್ಬನು ಅಳುಕುತ್ತ ಹಾಡಿದ್ದಾನೆ. ಕೇಳಿದರೆ ತಿಳಿಯುತ್ತದೆ.

ಅಲ್ಲಿಂದ ಎರಡೇ ವರ್ಷಕ್ಕೆ ಈ ಜನ ಕುಣಿತದ ಸಂಗೀತಕ್ಕೆ ಬಂದು ನಿಂತದ್ದು ಹೇಗೆ? 1980ರ ಸೆಪ್ಟೆಂಬರಿನಲ್ಲಿ ಅವರು ನ್ಯೂಯಾರ್ಕಿಗೆ ಹೋದಾಗ ಅವರ ವಾದ್ಯಗಳೆಲ್ಲ ವ್ಯಾನಿನ ಸಮೇತ ಕಳವಾದವು. ಆದರೂ ಮತ್ತೆ ಮತ್ತೆ ಅಲ್ಲಿಗೆ ಹೋದರು. ಅಲ್ಲಿನ ನೃತ್ಯಶಾಲೆಗಳಲ್ಲಿ ಕರಿಯರು, ಸ್ಪ್ಯಾನಿಷ್ ಭಾಷಿಕರು, ಸಮಾಜದ ಅಂಚಿನಲ್ಲಿದ್ದ ನಾನಾ ಬಗೆಯ ಜನ ಬೆಳಗಿನವರೆಗೂ ಕುಣಿಯುವುದನ್ನು ಕಂಡರು. ಮ್ಯಾಂಚೆಸ್ಟರಿನಲ್ಲಿ ದುಃಖವೆಂದರೆ ಓವರ್‌ಕೋಟು ತೊಟ್ಟು ಸುಮ್ಮನೆ ನಿಲ್ಲುವುದಾಗಿತ್ತು. ಇಲ್ಲಿ ದುಃಖವಿದ್ದವರೂ ಕುಣಿಯುತ್ತಿದ್ದರು.

ಡಿಸ್ಕೊ ಎಂದರೆ ಬ್ರಿಟನ್ನಿನ ರಾಕ್ ಹುಡುಗರಿಗೆ ಅಲ್ಲಿಯವರೆಗೆ ತಾತ್ಸಾರ. ಆ ಡಿಸ್ಕೊವನ್ನು ಬ್ರಿಟನ್ನಿನಲ್ಲೇ ಬೆಳೆಸಿದವರಲ್ಲಿ ನಮ್ಮವರೊಬ್ಬರಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ಲಂಡನ್ನಿಗೆ ಹೋಗಿ ನೆಲೆಸಿದ ಅವರು 1974ರಲ್ಲಿ ಕಾರ್ಲ್ ಡಗ್ಲಸನಿಂದ ಹಾಡಿಸಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 1980ರಲ್ಲಿ 'ಕುರ್ಬಾನಿ' ಚಿತ್ರಕ್ಕಾಗಿ ನಾಜಿಯಾ ಹಸನಳಿಂದ ಅವರು ಹಾಡಿಸಿದ ಗೀತೆ ನಮ್ಮ ಮದುವೆಮನೆಗಳ ಧ್ವನಿವರ್ಧಕಗಳಲ್ಲೆಲ್ಲ ಮೊಳಗಿತು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಕ್ರಾಫ್ಟ್‌ವರ್ಕ್ ತಂಡ ಯಂತ್ರಗಳಿಂದಲೇ ಸಂಗೀತ ಕಟ್ಟುತ್ತಿತ್ತು. ಕರ್ಟಿಸ್ ಬದುಕಿದ್ದಾಗ ಗೆಳೆಯರಿಗೆ ಹಚ್ಚಿದ ಹುಚ್ಚು ಅದು. ಹೀಗೆ ಡಿಸ್ಕೊದ ತಾಳ, ಜರ್ಮನರ ಯಂತ್ರ, ಮ್ಯಾಂಚೆಸ್ಟರಿನ ಮಬ್ಬು ಮೂರೂ ಕೂಡಿದ ಸಂಗಮದಲ್ಲಿ 'ಬ್ಲೂ ಮಂಡೇ' ಹುಟ್ಟಿತು.

ಈ ಹಾಡಿನ ಉದ್ದೇಶವೇ ತಮಾಷೆಯದು. ಕಚೇರಿ ಮುಗಿದ ಮೇಲೆ ಜನ ಕೂಗಿ ಕರೆದರೂ ಮತ್ತೊಂದು ಹಾಡು ಹಾಡಲು ತಂಡದವರು ಒಪ್ಪುತ್ತಿರಲಿಲ್ಲ. ಜನಕ್ಕೆ ಸಿಟ್ಟು. ಗುಂಡಿ ಒತ್ತಿದರೆ ಯಂತ್ರವೇ ನುಡಿಸಿಕೊಳ್ಳುವ ಒಂದು ಹಾಡು ಮಾಡಿಟ್ಟು ತಾವು ಹೊರಟುಬಿಡೋಣ ಎಂಬುದು ಲೆಕ್ಕಾಚಾರ! ಅದಕ್ಕೆ ಬೇಕಾದ ಯಂತ್ರಗಳು ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಸ್ವರಗಳನ್ನು ಸಾಲಾಗಿ ನೆನಪಿಟ್ಟುಕೊಂಡು ನುಡಿಸುವ ಸೀಕ್ವೆನ್ಸರನ್ನು ಸಮ್ನರ್ ಬಿಡಿಭಾಗಗಳ ಕಿಟ್ ತರಿಸಿ ತಾನೇ ಬೆಸುಗೆ ಹಾಕಿ ಜೋಡಿಸಿದ. ಡ್ರಮ್ಮಿನ ಕೆಲಸವನ್ನು ಓಬರ್‌ಹೈಮ್ ಕಂಪನಿಯ ಯಂತ್ರಕ್ಕೆ ವಹಿಸಿದರು. ತಾಳವನ್ನೆಲ್ಲ ಅದಕ್ಕೆ ಕಲಿಸಿ ಮುಗಿಸಿದ ಮೇಲೆ ಅದರ ನೆನಪು ಅಳಿಸಿಹೋಗಿ, ಮತ್ತೆ ಮೊದಲಿನಿಂದ ಕಲಿಸಬೇಕಾಯಿತಂತೆ. ಗಿಲ್ಬರ್ಟ್ ಇಡೀ ಹಾಡಿನ ಸ್ವರಗಳನ್ನು ಹಾಳೆಗಳ ಮೇಲೆ ಬರೆದು, ಅಂಟಿನ ಪಟ್ಟಿಯಿಂದ ಒಂದಕ್ಕೊಂದು ಅಂಟಿಸಿ, ಸ್ಟುಡಿಯೊದ ಉದ್ದಕ್ಕೂ ಹಾಸಿ, ಒಂದೊಂದಾಗಿ ಯಂತ್ರಕ್ಕೆ ಉಣಿಸಿದಳು. ಹೆಣಿಗೆಯ ನಮೂನೆಯ ಹಾಗಿತ್ತು ಎಂದು ಆಕೆಯೇ ವರ್ಣಿಸಿದ್ದಾಳೆ. ನೇಯ್ಗೆಯ ಊರಿನ ಹೆಣ್ಣುಮಗಳಿಗೆ ಬೇರೆ ಉಪಮೆ ಹೇಗೆ ತಾನೆ ಹೊಳೆದೀತು! ನಡುವೆ ಒಂದು ಸ್ವರ ಬಿಟ್ಟುಹೋಯಿತು. ಹೀಗಾಗಿ ಮೇಲಿನ ರಾಗ ಕೆಳಗಿನ ತಾಳದಿಂದ ಕೂದಲೆಳೆಯಷ್ಟು ಜಾರಿ ಸಾಗುತ್ತದೆ. ಹಾಗೆಯೇ ಬಿಟ್ಟರು. ಯಂತ್ರದ ಹಾಡಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಆ ಜಾರುವಿಕೆಯೇ ಎಂದು ನನ್ನ ಅನಿಸಿಕೆ.

ಹಾಡಿನ ಉದ್ದ ಏಳೂವರೆ ನಿಮಿಷ. ಮೊದಲು ಡ್ರಮ್ಮಿನ ಹೊಡೆತ ಮಾತ್ರ, ಯಾರೋ ಆತುರದಿಂದ ಕದ ತಟ್ಟುವ ಹಾಗೆ. ಆಮೇಲೆ ಒಂದೊಂದೇ ಎಳೆ ಬಂದು ಸೇರುತ್ತದೆ. ಚರ್ಚಿನ ವೃಂದಗಾನದಂತಹ ದನಿಯೊಂದು ತೇಲಿಬರುತ್ತದೆ. ಅದನ್ನು ಕ್ರಾಫ್ಟ್‌ವರ್ಕಿನ 'ಯುರೇನಿಯಂ' ಎಂಬ ರಚನೆಯಿಂದ ಎತ್ತಿಕೊಂಡದ್ದು. ಎರಡು ನಿಮಿಷ ಕಳೆದರೂ ಹಾಡುಗಾರನ ಸುಳಿವಿಲ್ಲ. ಕೊನೆಗೆ ಸಮ್ನರ್ ಬಾಯಿ ತೆರೆದಾಗ ದನಿಯಲ್ಲಿ ಏರಿಳಿತವಿಲ್ಲ, ನಾಟಕೀಯತೆ ಇಲ್ಲ. ತನ್ನನ್ನು ನೋಯಿಸಿದವರನ್ನು ಸಮಾಧಾನವಾಗಿಯೇ ವಿಚಾರಿಸುವವನ ರೀತಿ. ಇದರ ನಡುವೆ ಹುಕ್ ನುಡಿಸುವ ಬೇಸ್ ಗಿಟಾರನ್ನು ಗಮನಿಸಬೇಕು. ಮಂದ್ರದಲ್ಲಿ ಗುಡುಗಬೇಕಾದ ವಾದ್ಯವನ್ನು ಆತ ಮೇಲಿನ ಸ್ಥಾಯಿಯಲ್ಲಿ ಹಾಡಿಸುತ್ತಾನೆ. ಮೊದಮೊದಲು ಅವನ ಧ್ವನಿವರ್ಧಕ ಕಳಪೆಯದಾಗಿತ್ತು. ಸಮ್ನರನ ಗಿಟಾರಿನ ಅಬ್ಬರದಲ್ಲಿ ಕೆಳಗಿನ ಸ್ವರಗಳು ತನಗೇ ಕೇಳಿಸದ್ದರಿಂದ ಮೇಲೆ ಹೋದ. ಅದು ಚೆನ್ನಾಗಿದೆ, ಬಿಡಬೇಡ ಎಂದವನು ಕರ್ಟಿಸ್. ಬಡತನದಿಂದ ಬಂದ ಶೈಲಿ ತಂಡದ ಗುರುತಾಯಿತು. ಯಂತ್ರಗಳ ಸಾಲಿನಲ್ಲಿ ಮನುಷ್ಯನ ಕೈ ಇದೆಯೆಂದು ನೆನಪಿಸುವುದೂ ಅದೇ.

1983ರ ಮಾರ್ಚ್ 7ರಂದು ಹಾಡು ಹೊರಬಂತು. 12 ಅಂಗುಲದ ದೊಡ್ಡ ತಟ್ಟೆ. ಹೊದಿಕೆಯ ಮುಖದ ಮೇಲೆ ಹಾಡಿನ ಹೆಸರಿಲ್ಲ, ತಂಡದ ಹೆಸರಿಲ್ಲ, ಬಣ್ಣದ ಚೌಕಗಳ ಒಂದು ಪಟ್ಟಿ ಮಾತ್ರ. ಒಂದೊಂದು ಬಣ್ಣ ಒಂದೊಂದು ಅಕ್ಷರ; ಓದುವ ಕೀಲಿ ಮುಂದಿನ ಆಲ್ಬಮಿನ ಹಿಂಬದಿಯಲ್ಲಿ! ವಿನ್ಯಾಸಕಾರ ಪೀಟರ್ ಸ್ಯಾವಿಲ್ ಅದನ್ನು ಕಂಪ್ಯೂಟರಿನ ಫ್ಲಾಪಿ ತಟ್ಟೆಯಂತೆ ಕಾಣಿಸಲು ರಂಧ್ರಗಳನ್ನು ಕತ್ತರಿಸಿದ್ದ. ಆ ಕತ್ತರಿಸುವ ಕೆಲಸ ಎಷ್ಟು ದುಬಾರಿಯಾಯಿತೆಂದರೆ, ಮಾರಾಟವಾದ ಒಂದೊಂದು ಪ್ರತಿಗೂ ಕಂಪನಿಗೆ ಕೆಲವು ಪೆನ್ನಿ ನಷ್ಟವೆಂಬ ಮಾತು ಪ್ರಸಿದ್ಧವಾಗಿದೆ. ಎಷ್ಟು ಪೆನ್ನಿ ಎಂಬುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಟೆಲಿವಿಷನ್ನಿನ ಹಾಡಿನ ಕಾರ್ಯಕ್ರಮದಲ್ಲಿ ಉಳಿದವರೆಲ್ಲ ತುಟಿಯಾಡಿಸಿ ಬರುತ್ತಿದ್ದರೆ ಇವರು ನಿಜವಾಗಿಯೇ ನುಡಿಸುತ್ತೇವೆಂದು ಹಟ ಹಿಡಿದು, ಸಪ್ಪೆಯಾಗಿ ನುಡಿಸಿ ಬಂದರು. ಇಷ್ಟಾದರೂ ಹಾಡು ಮೊದಲು 12ನೆಯ ಸ್ಥಾನಕ್ಕೂ, ಬೇಸಗೆ ಕಳೆದು ಮತ್ತೆ ಮೇಲೆದ್ದು 9ನೆಯ ಸ್ಥಾನಕ್ಕೂ ಏರಿತು. ಬ್ರಿಟನ್ನಿನಲ್ಲಿ 12 ಅಂಗುಲದ ಸಿಂಗಲ್‌ಗಳಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದದ್ದು ಇನ್ನೊಂದಿಲ್ಲ.

ಹಣವೆಲ್ಲ ಎಲ್ಲಿಗೆ ಹೋಯಿತು? ಒಂದು ಕುಣಿತದ ಮನೆಗೆ. ತಂಡವೂ ಫ್ಯಾಕ್ಟರಿಯೂ ಸೇರಿ ವಿಟ್‌ವರ್ತ್ ಸ್ಟ್ರೀಟ್ ವೆಸ್ಟಿನಲ್ಲಿ, ಹಿಂದೆ ವಿಹಾರ ನೌಕೆಗಳ ಮಳಿಗೆಯಾಗಿದ್ದ ಕಟ್ಟಡದಲ್ಲಿ, 1982ರ ಮೇ 21ರಂದು ಹಸಿಯೆಂಡಾ ಎಂಬ ನೃತ್ಯಶಾಲೆಯನ್ನು ತೆರೆದಿದ್ದರು. ನ್ಯೂಯಾರ್ಕಿನಲ್ಲಿ ಕಂಡದ್ದನ್ನು ತಮ್ಮ ಊರಿಗೂ ಕೊಡಬೇಕೆಂಬ ಹಂಬಲ. ಒಳಗಿನ ಉಕ್ಕಿನ ಕಂಬಗಳಿಗೆ, ಕಾರ್ಖಾನೆಗಳಲ್ಲಿ ಅಪಾಯದ ಸೂಚನೆಗೆಂದು ಬಳಿಯುವ ಹಳದಿ-ಕಪ್ಪು ಪಟ್ಟೆಗಳನ್ನು ಬಳಿಸಿದರು. ಅಪ್ಪಂದಿರು ದುಡಿದಂತಹ ಕಾರ್ಖಾನೆಯ ವೇಷದಲ್ಲಿ ಮಕ್ಕಳು ಕುಣಿಯಬೇಕಾಗಿತ್ತು. ಮೊದಲ ಕೆಲವು ವರ್ಷ ಆ ವಿಶಾಲ ಜಾಗದಲ್ಲಿ ಜನಕ್ಕಿಂತ ಚಳಿಯೇ ಹೆಚ್ಚು. ನಷ್ಟ ತುಂಬುತ್ತಿದ್ದುದು 'ಬ್ಲೂ ಮಂಡೇ'ಯ ಗಳಿಕೆ. ಜಗತ್ಪ್ರಸಿದ್ಧರಾದ ನಾಲ್ವರು ಸಾಧಾರಣ ವಾರದ ಸಂಬಳ ತೆಗೆದುಕೊಂಡು ಬದುಕುತ್ತಿದ್ದರು.

ಹಸಿಯೆಂಡಾ ತೆರೆದ ವರ್ಷವೇ, ಅದಕ್ಕೆ ನಾಲ್ಕು ತಿಂಗಳು ಮುಂಚೆ, ಜನವರಿ 18ರಂದು, ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು, ಬಹುಪಾಲು ಮಂದಿ ಮತ್ತೆ ಒಳಗೆ ಹೋಗಲಿಲ್ಲ. ಗಿರಣಗಾಂವಿನಲ್ಲಿ ಹೊಟೇಲು, ಕ್ಯಾಂಟೀನುಗಳನ್ನು ನಡೆಸುತ್ತಿದ್ದ ನಮ್ಮವರಿಗೆ ಅದರ ಬಿಸಿ ತಟ್ಟದಿರಲಿಲ್ಲ. ಮುಂದೆ ಪರೇಲಿನ ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ ಅಂಗಡಿ ಸಾಲುಗಳೂ ನೃತ್ಯಶಾಲೆಯೂ ಬಂದವು. ವ್ಯತ್ಯಾಸವೆಂದರೆ ಮ್ಯಾಂಚೆಸ್ಟರಿನಲ್ಲಿ ಕಾರ್ಮಿಕರ ಮಕ್ಕಳೇ ಕುಣಿಯುವ ಮನೆಯನ್ನು ಕಟ್ಟಿಸಿದರು. ಇಲ್ಲಿ ಅದನ್ನು ಕಟ್ಟಿಸಿದವರು ಬೇರೆ, ಕುಣಿದವರು ಬೇರೆ.

1985ರಿಂದ 1990ರವರೆಗಿನ ಐದಾರು ವರ್ಷ ತಂಡದ ಸುಗ್ಗಿಯ ಕಾಲ. 'ದಿ ಪರ್ಫೆಕ್ಟ್ ಕಿಸ್' ಹಾಡಿನ ದೊಡ್ಡ ಆವೃತ್ತಿಯಲ್ಲಿ ಕಪ್ಪೆಗಳ ವಟಗುಟ್ಟುವಿಕೆಯನ್ನೂ ತಾಳಕ್ಕೆ ಸೇರಿಸಿದ್ದಾರೆ; ನಮ್ಮ ಮಳೆಗಾಲದ ಗದ್ದೆಗಳನ್ನು ಬಲ್ಲವರಿಗೆ ಅದು ಹೊಸದೆನಿಸದು. ಅದರ ಚಿತ್ರವನ್ನು ತೆಗೆದ ನಿರ್ದೇಶಕ ಜೊನಾಥನ್ ಡೆಮಿ, ನುಡಿಸುವವರ ಮುಖ ಮತ್ತು ಬೆರಳುಗಳ ಹೊರತು ಬೇರೇನನ್ನೂ ತೋರಿಸಿಲ್ಲ. 'ಲವ್ ವಿಜಿಲಾಂಟೀಸ್' ಯುದ್ಧದಿಂದ ಮನೆಗೆ ಮರಳುವ ಸೈನಿಕನ ಕಥೆ. ಮನೆ ಮುಟ್ಟಿದಾಗಲೇ ಅವನು ಬದುಕಿಲ್ಲವೆಂಬ ಸುದ್ದಿ ನಮಗೆ ತಿಳಿಯುವುದು. ಲಾವಣಿಯ ಧಾಟಿಯ ಇಂತಹ ಹಾಡನ್ನು ಈ ಯಂತ್ರದವರಿಂದ ಯಾರೂ ನಿರೀಕ್ಷಿಸಿರಲಿಲ್ಲ. 1986ರ 'ಬಿಜಾರ್ ಲವ್ ಟ್ರಯಾಂಗಲ್' ಬ್ರಿಟನ್ನಿನ ಪಟ್ಟಿಯಲ್ಲಿ 56ನೆಯ ಸ್ಥಾನದಿಂದ ಮೇಲೇಳಲಿಲ್ಲ, ಆದರೆ ಇಂದು ಅವರ ಹಾಡುಗಳಲ್ಲಿ ಜನರ ನಾಲಗೆಯ ಮೇಲೆ ಹೆಚ್ಚು ಉಳಿದವುಗಳಲ್ಲಿ ಅದೂ ಒಂದು. ಪಟ್ಟಿಗಳನ್ನು ಎಷ್ಟು ನಂಬಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1987ರ 'ಟ್ರೂ ಫೇಯ್ತ್' ನಾಲ್ಕನೆಯ ಸ್ಥಾನ ಪಡೆಯಿತು. ಒಂದೇ ಒಂದು ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು 1990ರಲ್ಲಿ. ಅದು ವಿಶ್ವಕಪ್ ಕಾಲ್ಚೆಂಡು ಪಂದ್ಯಾವಳಿಗೆ ಹೊರಟ ಇಂಗ್ಲೆಂಡ್ ತಂಡಕ್ಕಾಗಿ ಮಾಡಿದ 'ವರ್ಲ್ಡ್ ಇನ್ ಮೋಷನ್'. ಜಮೈಕದಲ್ಲಿ ಹುಟ್ಟಿದ ಆಟಗಾರ ಜಾನ್ ಬಾರ್ನ್ಸ್ ಅದರಲ್ಲಿ ರ‍್ಯಾಪ್ ಹಾಡಿದ. ಇಂಗ್ಲೆಂಡ್ ಉಪಾಂತ್ಯದಲ್ಲಿ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು, ಹಾಡು ಗೆದ್ದಿತು.

ಹಸಿಯೆಂಡಾಕ್ಕೂ ಆ ಹೊತ್ತಿಗೆ ಜನ ಬಂದರು. ಷಿಕಾಗೊ, ಡಿಟ್ರಾಯಿಟ್ ಊರುಗಳ ಹೊಸ ನೃತ್ಯ ಸಂಗೀತವನ್ನು ಕೇಳಲು 1988ರಿಂದ ಸಾಲುಗಟ್ಟಿ ನಿಂತರು. ಸಂಗೀತದ ಬೆನ್ನಿಗೇ ಮಾದಕ ಮಾತ್ರೆಯೂ ಬಂತು. ಮಾತ್ರೆ ನುಂಗಿದವರು ಮದ್ಯ ಕೊಳ್ಳುತ್ತಿರಲಿಲ್ಲ, ನೀರು ಕುಡಿಯುತ್ತಿದ್ದರು; ಹೀಗಾಗಿ ಕಾಲಿಡಲು ಜಾಗವಿಲ್ಲದ ರಾತ್ರಿಗಳಲ್ಲೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಹಣ ಹೋದದ್ದು ಮಾತ್ರೆ ಮಾರುವ ಪುಂಡರ ಕೈಗೆ. 1989ರಲ್ಲಿ ಅಲ್ಲಿ ಮಾತ್ರೆ ನುಂಗಿದ ಹದಿನಾರು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಬಂದೂಕುಗಳು ಬಂದವು. 1991ರಲ್ಲಿ ಕೆಲವು ತಿಂಗಳು ಬಾಗಿಲು ಹಾಕಬೇಕಾಯಿತು. ಹಸಿಯೆಂಡಾದ ಕಥೆಯನ್ನು ರಮ್ಯವಾಗಿ ಬರೆಯುವವರು ಈ ಹುಡುಗಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಕುಣಿತ ಊರಿಗೆ ಜೀವ ತಂದಿತೆಂಬುದು ನಿಜ. ಅದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಈಗ ಆ ರಕ್ತದ ಕಾಗದಕ್ಕೆ ಬರೋಣ. ಸಾಲದಲ್ಲಿ ಮುಳುಗಿದ್ದ ಫ್ಯಾಕ್ಟರಿಯನ್ನು ಕೊಳ್ಳಲು ಲಂಡನ್ ರೆಕಾರ್ಡ್ಸ್ ಎಂಬ ದೊಡ್ಡ ಕಂಪನಿ ಮುಂದೆ ಬಂದಾಗ, ಹಾಡುಗಳ ಒಡೆತನ ಕಂಪನಿಯದಲ್ಲ, ತಂಡದವರದು ಎಂಬುದು ಬೆಳಕಿಗೆ ಬಂತು. ಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ! 1992ರ ನವೆಂಬರಿನಲ್ಲಿ ಫ್ಯಾಕ್ಟರಿ ದಿವಾಳಿಯೆದ್ದಿತು. ವಿಲ್ಸನನ ಔದಾರ್ಯವೇ ಅವನ ಕಂಪನಿಯನ್ನು ಕೊಂದಿತು, ಅದೇ ಔದಾರ್ಯ ತಂಡವನ್ನು ಉಳಿಸಿತು. ಲಂಡನ್ ರೆಕಾರ್ಡ್ಸ್ ತಂಡದೊಡನೆ ನೇರವಾಗಿ ವ್ಯವಹರಿಸಿ 1993ರಲ್ಲಿ 'ರಿಗ್ರೆಟ್' ಹಾಡನ್ನು ಹೊರತಂದಿತು. ಅದು ಹಾಡಿನ ಮಟ್ಟಿಗೆ ಸೊಗಸಾದದ್ದು. ಆದರೆ ಆ ವೇಳೆಗೆ ತಂಡದವರು ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿಗೆ ಬಂದಿದ್ದರು.

1997ರಲ್ಲಿ ಹಸಿಯೆಂಡಾ ಶಾಶ್ವತವಾಗಿ ಮುಚ್ಚಿತು. ಒಳಗಿನ ಸಾಮಾನುಗಳನ್ನು ಹರಾಜು ಹಾಕಿದರು. 2002ರಲ್ಲಿ ಕಟ್ಟಡವನ್ನು ಕೆಡವಿದರು. ಅಲ್ಲಿ ಅದೇ ಹೆಸರಿನ ವಸತಿ ಸಮುಚ್ಚಯ ಎದ್ದಿದೆ. ಹುಕ್ ಆ ನೃತ್ಯದ ನೆಲಕ್ಕೆ ಹಾಸಿದ್ದ ಮರದ ಹಲಗೆಗಳಿಂದ ಕೆಲವು ಬೇಸ್ ಗಿಟಾರುಗಳನ್ನು ಮಾಡಿಸಿದ. 2009ರಲ್ಲಿ ನೃತ್ಯಶಾಲೆಯನ್ನು ಹೇಗೆ ನಡೆಸಬಾರದು ಎಂಬ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದ. ತಂಡದ ವ್ಯವಸ್ಥಾಪಕ ರಾಬ್ ಗ್ರೆಟನ್ 1999ರಲ್ಲೂ ಟೋನಿ ವಿಲ್ಸನ್ 2007ರಲ್ಲೂ ತೀರಿಕೊಂಡರು. ಫ್ಯಾಕ್ಟರಿಯಲ್ಲಿ ತಟ್ಟೆಗಳಿಗೆ ಮಾತ್ರವಲ್ಲ, ಹಸಿಯೆಂಡಾಕ್ಕೂ ಅಲ್ಲಿದ್ದ ಬೆಕ್ಕಿಗೂ ಕ್ರಮಸಂಖ್ಯೆ ಕೊಡುವ ಪದ್ಧತಿಯಿತ್ತು. ವಿಲ್ಸನನ ಶವಪೆಟ್ಟಿಗೆಗೆ ಕೊಟ್ಟದ್ದು 501.

ಹುಕ್ 2007ರಲ್ಲಿ ತಂಡದಿಂದ ಹೊರಬಂದ. ಮಕ್ಕಳನ್ನು ನೋಡಿಕೊಳ್ಳಲೆಂದು 2001ರಲ್ಲಿ ಬಿಟ್ಟುಹೋಗಿದ್ದ ಗಿಲ್ಬರ್ಟ್ 2011ರಲ್ಲಿ ಹಿಂದಿರುಗಿದಳು. ಉಳಿದವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಹುಕ್ ಇಲ್ಲದೆಯೇ ಮುಂದುವರಿದರು. ಒಬ್ಬರು ಹೋದರೆ ಹೆಸರನ್ನೇ ಬಿಡಬೇಕೆಂಬ ಹಳೆಯ ಮಾತು ಈ ಸಲ ನಡೆಯಲಿಲ್ಲ. ಹೆಸರಿನ ಆದಾಯದಲ್ಲಿ ತನ್ನ ಪಾಲಿಗಾಗಿ ಹುಕ್ ಹೂಡಿದ ದಾವೆ 2017ರಲ್ಲಿ ರಾಜಿಯಾಯಿತು. ಅಲ್ಲಿಂದೀಚೆಗೆ ಅವೇ ಹಾಡುಗಳನ್ನು ಒಂದು ವೇದಿಕೆಯಲ್ಲಿ ಸಮ್ನರ್, ಮಾರಿಸ್, ಗಿಲ್ಬರ್ಟ್ ನುಡಿಸುತ್ತಿದ್ದರೆ ಇನ್ನೊಂದರಲ್ಲಿ ಹುಕ್ ತನ್ನ ಬೇರೆ ತಂಡದೊಡನೆ ನುಡಿಸುತ್ತ ಬಂದಿದ್ದಾನೆ. ಮತ್ತೊಂದು ಹಾಡು ಹಾಡುವ ಗೋಜೇ ಬೇಡವೆಂದು ಮಾಡಿದ್ದ 'ಬ್ಲೂ ಮಂಡೇ'ಯನ್ನು ಎರಡು ಕಡೆಯ ಜನರೂ ಕೇಳದೆ ಬಿಡುವುದಿಲ್ಲ. ಅದರ ಜೊತೆಗೆ, ಒಂದು ಕಾಲಕ್ಕೆ ಮುಟ್ಟದೆ ಇಟ್ಟಿದ್ದ ಕರ್ಟಿಸನ ಹಾಡುಗಳನ್ನೂ ಈಗ ಎರಡು ಕಡೆಯೂ ಹಾಡುತ್ತಾರೆ.